ಚಕ್ಕುಬಂದಿ

ಮುದ್ದೇಬಿಹಾಳದ ನೋಂದಣಿ ಕಚೇರಿ ಮುಂದ
ಬೇವಿನ ಗಿಡದ ಬುಡಕ ನನ್ನ ಮೇಜು.
ಮೂರು ಕಾಲು ಅದರವು, ನಾಲ್ಕನೇದು ಇಟ್ಟಂಗಿ.
ಇಪ್ಪತ್ತಾರು ವರ್ಷದಿಂದ ಬರಕೋತ ಬಂದೀನಿ,
ಯಾರದು ಎಲ್ಲಿಗೆ ಮುಗೀತದ ಅಂತ.

ನಾಲತವಾಡದಿಂದ ಇಬ್ಬರು ಬಂದರು, ಒಂದೇ ಬಸ್ಸಿನಾಗ,
ಒಂದೇ ಸೀಟಿನಾಗ, ಮಾರಿ ಎರಡು ಕಡೆ ಮಾಡಿ.
"ನಡುವಿನ ಗ್ವಾಡಿ ನಂದು ಅಂತ ಬರಿ," ಅಂದಳು ಕಾಶಿಬಾಯಿ.
"ಬರದ್ರ ನನ್ನ ಒಲಿ ಎಲ್ಲಿಡ್ಲಿ?" ಅಂದಳು ದಾವಲಬಿ.

ದಾವಲಬಿದು ರೊಟ್ಟಿ ಧಂದೆ. ನಸುಕಿನ ನಾಲ್ಕಕ್ಕ
ಗ್ವಾಡಿಗಿ ಆನಿಸಿ ಕಟ್ಟಿದ ಎರಡು ಒಲಿ ಉರೀತಾವ.
ಖಾನಾವಳಿಗೆ ಮುನ್ನೂರು, ಮದುವಿ ಇದ್ರ ಸಾವಿರ.
ಕಲ್ಲು ಮಣ್ಣಿನ ಗ್ವಾಡಿ ಕಾಯ್ತದ,
ಕಾದದ್ದು ಅತ್ಲಾಗ ದಾಟ್ತದ.
ಅತ್ಲಾಗ ಕಾಶಿಬಾಯಿಯ ಹಾಸಿಗಿ.
ಚೈತ್ರದಾಗ ಆಕಿ ನಿದ್ದಿ ಬೇಯ್ತದ.
ಪುಷ್ಯದಾಗ ಅದೇ ಗ್ವಾಡಿಗಿ ಮೊಣಕಾಲು ಹಚ್ಚಿ
"ಯಪ್ಪಾ" ಅಂತ ಮಲಗ್ತಾಳ.
ಇದನ್ನ ಆಕಿ ಹೇಳಲಿಲ್ಲ.
ದಾವಲಬಿ ಹೇಳಿದಳು.

ನಾನು ಬಿಳಿ ಹಾಳಿ ಬಿಟ್ಟು
ಹಳೇ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಹಾಕಿದೆ:
ಮೋಜಣಿ ಅರ್ಜಿ, ಮೋಜಣಿದಾರನ ಚಹಾ,
ಆತ ಬರದ ದಿನದ ಚಹಾ,
ಛಾಪಾ ಕಾಗದ, ಸಾಕ್ಷಿಗೆ ಇಬ್ಬರು, ಸಾಕ್ಷಿಗಳ ಊಟ,
ತಕರಾರು ಬಂದ್ರ ವಕೀಲ. ಬಂದೇ ಬರ್ತದ.
ಬಸ್ಸಿಗೇನೋ ಹೆಂಗಸರಿಗೆ ಪುಕ್ಕಟೆ.
ದಿನ ಪುಕ್ಕಟೆ ಅಲ್ಲ.
ಒಂದು ಮುಂಜಾನೆ ಒಲಿ ಆರಿದ್ರ ಮುನ್ನೂರು ರೊಟ್ಟಿ.

ಮೊತ್ತ ನೋಡಿ ಕಾಶಿಬಾಯಿ ಕೇಳಿದಳು:
"ಇಷ್ಟರಾಗ ಹೊಸ ಗ್ವಾಡಿನ ಕಟ್ಟಬಹುದಲ್ಲ?"
ಎರಡು ಕಟ್ಟಬಹುದಿತ್ತು.
ನಾನು ಸುಮ್ಮನಿದ್ದೆ. ಹೊಟ್ಟಿಪಾಡು.

ಬೇವಿನ ನೆರಳು ಮೇಜಿನಿಂದ ಜಾರಿ
ಗಟಾರ ಮುಟ್ಟೂದ್ರೊಳಗ ಇಬ್ಬರೂ ಮುಗಿಸಿದ್ರು:
ಶಿವರಾತ್ರಿಯಿಂದ ಮಿರಗದ ಮಳಿ ತನಕ
ದಿನಾ ಆರು ರೊಟ್ಟಿ ಇತ್ಲಾಗಿಂದ ಅತ್ಲಾಗ.
ದೀಪಾವಳಿಯಿಂದ ಸಂಕ್ರಾಂತಿ ತನಕ
ವಾರಕ್ಕೊಂದು ವಾಟಗ ಶೇಂಗಾ ಹಿಂಡಿ ಅತ್ಲಾಗಿಂದ ಇತ್ಲಾಗ.
ನಡುವಿನ ತಿಂಗಳ ಮಾತು ಯಾರೂ ಎತ್ತಲಿಲ್ಲ.
ಗ್ವಾಡಿ ಯಾರದು ಅನ್ನೂದು ಹಂಗ ಉಳೀತು,
ಹಿಟ್ಟೆಲ್ಲ ಇಳಿದ ಮ್ಯಾಲ ಜರಡ್ಯಾಗ ಉಳಿಯೂ ಹರಳಿನ ಹಂಗ.
ನನಗ ಹತ್ತು ರೂಪಾಯಿ ಕೊಟ್ರು,
ಕ್ಯಾಲೆಂಡರಿಗೆ.

ಎರಡು ವರ್ಷಕ್ಕ ಊರ ರಸ್ತಾ ಅಗಲಾತು.
ಕಾಶಿಬಾಯಿಯ ಪಡಸಾಲಿಗೆ ಅಂಗಡಿ ರೇಟು ಬಂತು.
ಕೊಳ್ಳಾಂವ ಸ್ಟೀಲ್ ಪಾತ್ರೆಯ ಪಟ್ಟಣಶೆಟ್ಟಿ,
ಕಂಕುಳಾಗ ಫೈಲು, ಬಾಯಾಗ ಇಂಚು.
"ರೊಟ್ಟಿ ಕರಾರು ಎಲ್ಲಿ ಬರದದ?" ಅಂದ.
ಬರದಿಲ್ಲ.
ಈಗ ಅದು ಕಾಗದದ ಖರ್ಚು ತಾಳೂವಂಥ ಗ್ವಾಡಿ.
ಮೋಜಣಿದಾರ ಮೊದಲ ದಿನಾನ ಬಂದ.
ಹದಿನೆಂಟು ಇಂಚು ದಪ್ಪ, ಒಂಬತ್ತು ಆಕಿಗಿ, ಒಂಬತ್ತು ಈತಗ.
ಗೆರಿ ಬಿದ್ದದ್ದು ಕಲ್ಲಿನ ಹೊಟ್ಟ್ಯಾಗ,
ಇರುವಿಗಷ್ಟ ಗೊತ್ತಿರೂ ಜಾಗದಾಗ.

ನಾನು ಬರದೆ: ಪೂರ್ವಕ್ಕೆ ಸರಕಾರಿ ರಸ್ತೆ,
ಪಶ್ಚಿಮಕ್ಕೆ ಸಾರ್ವಜನಿಕ ಸಂದಿ,
ದಕ್ಷಿಣಕ್ಕೆ ಖುಲ್ಲಾ ಜಾಗ,
ಉತ್ತರಕ್ಕೆ ದಾವಲಬಿ ಕೋಂ ಇಮಾಮಸಾಬ ಇವರ ಸ್ವತ್ತು.
ಬಿಸಿಗೆ ಯಾವ ದಿಕ್ಕು?
ಪೆನ್ನು ಎತ್ತಿ ಹಿಡಿದು ನೋಡಿದೆ. ನಮೂನ್ಯಾಗ ನಾಲ್ಕೇ ಇದ್ದುವು.
ಕಾಶಿಬಾಯಿ ಹೆಬ್ಬೆಟ್ಟು ಒತ್ತಿದಳು.
ಮಸಿ ಒರಸ್ಲಿಕ್ಕೆ ಸೆರಗು ಕೊಟ್ಟಾಕಿ
ದಾವಲಬಿ.

ಈಗ ಗ್ವಾಡಿ ಅತ್ಲಾಗ ಪಾತ್ರೆ ಗೋದಾಮು.
ಪಾತ್ರೆಗೆ ಸೆಕಿ ಇಲ್ಲ, ಚಳಿ ಇಲ್ಲ.
ಕಾಶಿಬಾಯಿ ಹಿಂದಿನ ಓಣ್ಯಾಗ ಬಾಡಿಗಿ ಹಿಡದಾಳ,
ಸಿಮೆಂಟ್ ಗ್ವಾಡಿ, ಮುಟ್ಟಿದ್ರ ಬಾವಿ ನೀರು.
ಪುಷ್ಯದ ನಸುಕಿನಾಗ
ಗೋದಾಮು ಕಾಯೂ ಹುಡುಗ ಯಮನೂರಿ
ಡಬರಿ ಸರಿಸಿ, ಗ್ವಾಡಿಗಿ ಬೆನ್ನು ಕೊಟ್ಟು ಕೂಡ್ತಾನಂತ.
ಪಟ್ಟಣಶೆಟ್ಟಿಗೆ ಇನ್ನೂ ಗೊತ್ತಿಲ್ಲ.
ಗೊತ್ತಾದ್ರ ನನ್ನ ಮೇಜಿಗೇ ಬರ್ತಾನ.
ಕ್ಯಾಲೆಂಡರಿನ್ಯಾಗ ಒಂದು ಹಾಳಿ ಉಳದದ.