ಏಡಿಗೆ ಕಾಲೆಷ್ಟು

ನಾಲ್ಕು ಸಾವಿರದ ಇನ್ನೂರು ರೂಪಾಯಿ,
ರಸೀದಿ ಕಡ್ಡಾಯ, ಎಂದಿದ್ದರು ಬೋರಲಿಂಗೇಗೌಡ ಮೇಷ್ಟ್ರು.
ಶನಿವಾರದ ಬೆಳಗಿನ ಶಾಲೆ ಮುಗಿಸಿ
ಪಾಂಡವಪುರದಲ್ಲಿ ರೈಲು ಹತ್ತಿ
ಮೈಸೂರಲ್ಲಿ ಇಳಿದಾಗ ಒಂದೂವರೆ.
ಶಿವರಾಂಪೇಟೆಯ ಅಂಗಡಿ. ಕೆಳಗೆಲ್ಲ ಗೈಡು, ನೋಟ್‌ಬುಕ್ಕು;
ಮಕ್ಕಳ ಪುಸ್ತಕಕ್ಕೆ ಕಡಿದಾದ ಮರದ ಮೆಟ್ಟಿಲು.

ನನಗೊಂದು ಚಾಳಿ: ಪುಸ್ತಕ ಎದೆಗಾನಿಸಿ,
ಚಿತ್ರ ಆಚೆ ತಿರುಗಿಸಿ ಹಿಡಿದು,
ತಲೆಕೆಳಗಾದ ಅಕ್ಷರ ಬಗ್ಗಿ ಓದುವುದು.
ಚಾಪೆಯ ಕೊನೆಯಲ್ಲಿ ಹಂಸಿಕಾ ಕೂರುತ್ತಾಳೆ,
ಅವಳಿಗೆ ಕಾಣದ ಚಿತ್ರ ನನಗೂ ಬೇಡ.
ಸಿದ್ದಪ್ಪಾಜಿ ಲೆಕ್ಕ ನಿಲ್ಲಿಸಿ
‘ಯಾರಿಗ್ ತೋರುಸ್ತಿದ್ದೀರಿ ಮೇಡಂ?’ ಅಂದರು.
ಇಪ್ಪತ್ಮೂರು ಜನಕ್ಕೆ, ಅಂದೆ.
ಒಂದು, ಎರಡು, ಮೂರು. ಒಂದೇ ಕೋಣೆ.

ಹಿಮದ ಗೊಂಬೆ ಮಾಡುವ ಹುಡುಗನನ್ನು ವಾಪಸಿಟ್ಟೆ,
ಮತ್ತೆ ಎತ್ತಿದೆ. ಹಿಮ ಕಾಣದವರಿಗೆ ಹಿಮ ಬೇಡವೆ?
ಗೊಂಬೆಯ ಮೂಗಿಗೆ ಕ್ಯಾರೆಟ್ಟು ಚುಚ್ಚುವ ಪುಟಕ್ಕೆ
ಒಬ್ಬಳೇ ನಕ್ಕೆ.
‘ಓ ನನ್ನ ಮುದ್ದಿನ ಅಳಿಲೇ, ನೀನು ಹೇಗಿರುವೆ?’
ಅಳಿಲನ್ನು ಹೀಗೆ ಮಾತಾಡಿಸಿದವರನ್ನು
ನಮ್ಮ ಕಡೆ ನಾನಂತೂ ಕಂಡಿಲ್ಲ.
ಪ್ರತಿ ಕಥೆಯ ಬಾಲಕ್ಕೂ ನೀತಿ ಕಟ್ಟಿದ ದಪ್ಪ ಪುಸ್ತಕ
ಅರ್ಧ ಬೆಲೆಗೆ. ಅರ್ಧಕ್ಕೂ ಬೇಡ.

ಪುಟ್ಟವರಿನ್ನೂ ಒತ್ತಕ್ಷರದ ಕಡೆ ಕಾಲಿಟ್ಟಿಲ್ಲ.
ಗ್ರಹ, ನಕ್ಷತ್ರ, ಅಗ್ನಿಪರ್ವತ, ಮುಂದಿನ ವರ್ಷ ನೋಡೋಣ.
ಈಗ ಗೂಡು, ಬೀಜ, ಮೂಳೆ.
ಮತ್ತೆ ಇದು, ತೆಳ್ಳಗೆ, ಮೂಲೆಯಲ್ಲಿ ಧೂಳು ಕುಡಿದಿದ್ದು:
ಏಡಿ.
ಎರಡಕ್ಷರ, ಕೆಳಗೆ ಯಾವ ಭಾರವೂ ಇಲ್ಲ.

ಬಿಡಿಸಿದೆ. ಬದುವಿನ ತೂತು,
ತೂತಿನ ಬಾಯಲ್ಲಿ ಹಸಿ ಮಣ್ಣಿನ ಉಂಡೆ,
ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಕಣ್ಣು.
ಗದ್ದೆಗೆ ಕಾಲು ಇಳಿಬಿಟ್ಟು ಕೂತು ಬರೆದಂತಿತ್ತು.
‘ಏಡಿಗೆ ಕಾಲು ಹತ್ತು’ ಅಂತಿತ್ತು ಪುಟದಲ್ಲಿ.
ಚಿತ್ರದಲ್ಲಿ ಎಣಿಸಿದೆ. ಕೊಂಡಿ ಸೇರಿ ಎಂಟು.
ಮುಂದಿನ ಪುಟದಲ್ಲೂ ಎಂಟೇ.

ನೆನಪಾದವನು ಒಬ್ಬನೇ. ಹೆಸರು ಲಿಖಿತ್,
ಬರೆದದ್ದು ಕಂಡರೆ ಆಗದು.
ನಾಲೆಗೆ ನೀರು ಬಿಟ್ಟ ವಾರ ಶಾಲೆಗೇ ಬರುವುದಿಲ್ಲ;
ಬಂದ ದಿನ ಅವನ ಜೇಬು ಒದ್ದೆ,
ಪಕ್ಕದಲ್ಲಿ ರುಮಾನಾ ಕೂರುವುದಿಲ್ಲ.
ಪುಸ್ತಕದೋರಿಗೂ ಏನೂ ತಿಳೀದು ಅಂತ
ಅವನು ಒಂದು ಸಲ ತೀರ್ಮಾನಿಸಿಬಿಟ್ಟರೆ?
ಇಟ್ಟುಬಿಟ್ಟೆ.

ಮೂವತ್ತೊಂದು ಪುಸ್ತಕ, ಸುತ್ತಲಿ ದಾರದ ಕಟ್ಟು,
ರಸೀದಿ ಪರ್ಸಿನಲ್ಲಿ.
ರಸ್ತೆಯಲ್ಲಿ ಟೀ ಕುಡಿಯುತ್ತಾ ನಿಂತವಳು
ಲೋಟ ಖಾಲಿಯಾಗುವ ಮೊದಲೇ ತಿರುಗಿದೆ.
ರೈಲಿಗೆ ಅರ್ಧ ಗಂಟೆ.
‘ಅದು ಪ್ರಿಂಟೇ ತಪ್ಪು ಮೇಡಂ, ಬೇರೆ ಕೊಡ್ತೀನಿ.’
ಅದನ್ನೇ ಕೊಡಿ.
ಐವತ್ತೈದು ರೂಪಾಯಿ, ನನ್ನದು. ರಸೀದಿ ಬೇಡ.

ಸೋಮವಾರ ಎಲ್ಲವನ್ನೂ ಗೋಡೆಯುದ್ದ ಹಗ್ಗಕ್ಕೆ
ಬಟ್ಟೆ ಕ್ಲಿಪ್ಪು ಹಾಕಿ ತೂಗಿಬಿಟ್ಟೆ.
ಹಿಮದ ಗೊಂಬೆಗೆ ನೂಕುನುಗ್ಗಲು.
ಲಿಖಿತ್ ಒಬ್ಬನೇ ಆ ತುದಿಯಲ್ಲಿ, ಬಹಳ ಹೊತ್ತು.
‘ಮಿಸ್, ಯಾರೋ ಎರಡ್ ಕಾಲ್ ಮುರ್ಕಂಡು
ಸಾರಿಗ್ ಹಾಕವ್ರೆ.’
ಇರಬಹುದು. ಏನಂತ ಬರೆದಿದ್ದಾರೆ ನೋಡು.
ಬೆರಳಿಟ್ಟ. ಏ. ಡಿ. ಗೆ.
ಕಾ. ಲು.
ಹ
ಅಲ್ಲಿ ನಿಂತ. ತ-ದ ಕೆಳಗೆ ಇನ್ನೊಂದು ತ ನೇತಾಡುತ್ತಿತ್ತು.
ನಾನು ಕಿಟಕಿಯಾಚೆ ನೋಡಿದೆ.
ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.
‘ಹತ್ತು! ಬರ್ದೋನ್ ಸರಿಯಾಗೇ ಬರ್ದವ್ನೆ ಮಿಸ್,
ಚಿತ್ರದೋನೇ ಕಳ್ಳ!’

ಮಾರ್ಚಿನಲ್ಲಿ ದಾಸ್ತಾನು ಪರಿಶೀಲನೆ.
ಪೆನ್ಸಿಲ್ಲಿನ ಎರಡು ಕಾಲು, ಒಂದು ತುಸು ಉದ್ದ,
ಎಂಟನೇ ಪುಟದಲ್ಲಿ, ಒಂಬತ್ತರಲ್ಲೂ.
ಬೋರಲಿಂಗೇಗೌಡರು ಕನ್ನಡಕ ಏರಿಸಿ
‘ಸ್ಥಿತಿ ಅನ್ನೋ ಕಾಲಮ್ಮಿಗೆ ಹಾಳು ಅಂತ ಬರೀರಿ’ ಅಂದರು.
ಬರೆದೆ:
ತಿದ್ದಿದೆ.