ಎನ್ನಲಾಗಿದೆ

ಆಗೆಲ್ಲ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು.
ಸಂಜೆ ಏಳರ ಹುಬ್ಬಳ್ಳಿ ಗಾಡಿ, ಡ್ರೈವರ್ ಸೀಟಿನ ಹಿಂದೆ
ಖಾಕಿ ಲಕೋಟೆ, ಮೇಲೆ ಕೆಂಪು ಶಾಯಿಯಲ್ಲಿ 'ತುರ್ತು'.
ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ಬಿದ್ದರೆ
ಕಾರವಾರದಲ್ಲಿ ಆ ದಿನ ಏನೂ ನಡೆದಿಲ್ಲ.

ತಿಂಗಳ ಕೊನೆಗೆ ಸ್ಕೇಲು ಹಿಡಿದು ಅಳೆಯುತ್ತಿದ್ದೆ
ಅಚ್ಚಾದದ್ದನ್ನು, ಸೆಂಟಿಮೀಟರಿಗೆ ಇಷ್ಟು ಎಂದು.
ಮಂತ್ರಿ ಬಂದರೆ ಹದಿನೆಂಟು.
ಬೈತಖೋಲದಲ್ಲಿ ಬಲೆಗೆ ಬೆಂಕಿ ಬಿದ್ದರೆ ಆರು.
ದಾಮು ತಾಂಡೇಲ ಸತ್ತದ್ದು ಮೂರು.

ಮೂರೇ. ಈಗಲೂ ಬಾಯಿಪಾಠ:
"ಕಾಳಿ ಅಳಿವೆಯಲ್ಲಿ ದೋಣಿ ಮಗುಚಿ ಓರ್ವನ ಸಾವು.
ಮೃತನು ಮದ್ಯದ ಅಮಲಿನಲ್ಲಿದ್ದ ಎನ್ನಲಾಗಿದೆ."

ಬಸ್ಸು ಹೊರಡಲು ಹತ್ತು ನಿಮಿಷ. ಠಾಣೆಯ ಬಾಗಿಲಲ್ಲಿ
ಹವಾಲ್ದಾರ, ಬಾಯಿ ತುಂಬ ಕವಳ,
ಹೆಬ್ಬೆರಳು ತುಟಿಗೆತ್ತಿ ತೋರಿಸಿದ್ದ. ಅಷ್ಟೇ.
ಕೋಡಿಬಾಗಕ್ಕೆ ಸೈಕಲ್ಲಿನಲ್ಲಿ ಕಾಲು ಗಂಟೆ ದಾರಿ.
ಹೋಗಲಿಲ್ಲ.
ಒಂದು ಹೆಬ್ಬೆರಳನ್ನು ಕನ್ನಡಕ್ಕೆ ಅನುವಾದಿಸಿದೆ.

ಎಂಥ ಪದ ಅದು! ಕರ್ತೃವೇ ಇಲ್ಲದ ಕ್ರಿಯಾಪದ,
ಅಂಬಿಗನಿಲ್ಲದೆ ದಡ ಸೇರುವ ದೋಣಿ.
'ತಿಳಿದುಬಂದಿದೆ', 'ಮೂಲಗಳು ಹೇಳಿವೆ'
ಅದರ ದಾಯಾದಿಗಳು. ನಲವತ್ತು ವರ್ಷ
ಇವರ ಜೊತೆಗೇ ಉಂಡೆ, ಇವರ ಹಿಂದೆಯೇ ಅಡಗಿದೆ.

ಮೀನು ಮಾರ್ಕೆಟ್ಟಿನಲ್ಲಿ ಶೇವಂತಿ ತಾಂಡೇಲ
ಬಂಗಡೆಯ ಕಿವಿರು ಕೀಳುತ್ತ ಕೇಳಿದ್ದಳು:
"ಮಗಳು ಓದಿ ಹೇಳ್ತು, ಪೇಪರಣ್ಣ.
ಎನ್ನಲಾಗಿದೆ ಅಂದ್ರೆ, ಅಂದವ್ರು ಯಾರು?
ಅಂವ ಕುಡೀತಿರ್ಲಿಲ್ಲ. ವಾಸನೆಗೇ ವಾಂತಿ ಬರ್ತಿತ್ತು ಅಂವಂಗೆ."
ಪರಿಹಾರದ ಅರ್ಜಿಗೆ ಯಾರೋ ಪಿನ್ನು ಚುಚ್ಚಿ ಲಗತ್ತಿಸಿದ್ದರು
ನನ್ನ ಮೂರು ಸೆಂಟಿಮೀಟರ್.
ಅರ್ಜಿ ತಿರಸ್ಕರಿಸಲಾಗಿದೆ. ಅಲ್ಲೂ ಕರ್ತೃ ಇಲ್ಲ.

ತಿದ್ದುಪಡಿಗೆಂದು ಡೆಸ್ಕಿಗೆ ಫೋನು ಮಾಡಿದೆ.
"ಹಳೇದಾಯ್ತು ಬಿಡಿ. ಒಬ್ಬ ಕುಡಿದಿರಲಿಲ್ಲ
ಅನ್ನೋದು ಸುದ್ದಿಯೇನ್ರೀ?"
ನನಗೂ ಆಗ ಹೌದೆನಿಸಿತು.
ಮುಂದಿನ ವಾರ ಮಂತ್ರಿ ಬಂದರು, ಹದಿನೆಂಟು.
ಮತ್ತೆ ಆ ಸಾಲಿಗೆ ಮೀನು ಕೊಳ್ಳಲು ಹೋಗಲಿಲ್ಲ.

ಈಗ ಲಕೋಟೆಯಿಲ್ಲ, ಘಟ್ಟವಿಲ್ಲ.
ಹೆಣ ದಡ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ.
ಕಳೆದ ಆಷಾಢ, ದೇವಬಾಗದ ಮರಳಲ್ಲಿ
ರೋಶನ್ ಪೆಡ್ನೇಕರ, ಮೊಬೈಲಿಗೆ ಪ್ಲಾಸ್ಟಿಕ್ ಸುತ್ತಿಕೊಂಡು,
ಗ್ರೂಪಿಗೆ ಹಾಕಿಯೇ ಬಿಟ್ಟಿದ್ದ: ಐವರೂ ಜಲಸಮಾಧಿ.
ಮೂವರು ಮಾಜಾಳಿಯಲ್ಲಿ ಚಹಾ ಕುಡಿಯುತ್ತಿದ್ದರು.
ಹೇಳಿದೆ. ಗಾಬರಿಯಾಗಿ ಅಳಿಸಿದ. ಪರದೆಯಲ್ಲಿ ಉಳಿದದ್ದು
'ಈ ಸಂದೇಶವನ್ನು ಅಳಿಸಲಾಗಿದೆ'.
ನಗು ಬಂತು. ಅಯ್ಯೋ, ಇವನೂ ನಮ್ಮದೇ ವಂಶ!
ಬಯ್ಯಲು ಬಾಯಿ ತೆರೆದವನು ಸುಮ್ಮನಾದೆ.
ಅವನು ಅಲ್ಲಿಗೆ ಹೋಗಿದ್ದ, ಸೊಂಟದವರೆಗೂ ನೆನೆದಿದ್ದ.
ನಾನು ಠಾಣೆಯ ಬಾಗಿಲಲ್ಲೇ ನಿಂತವನು.

ಮೊನ್ನೆ ಹೋದೆ. ಮಾರ್ಕೆಟ್ಟಿಗೆ ಟೈಲ್ಸು ಬಂದಿದೆ.
ಶೇವಂತಿಯದು ಅದೇ ಕತ್ತಿ, ಕಿವಿ ಮಾತ್ರ ಮಂದ.
ಶೆಟ್ಲಿ, ನೊಗಲಿ ಬುಟ್ಟಿಗಳ ನಡುವೆ ನಿಂತು
ಜೇಬಿನ ಕಾಗದ ತೆಗೆದು ಗಟ್ಟಿಯಾಗಿ ಓದಿದೆ:
"ದಾಮು ತಾಂಡೇಲ ಕುಡಿದಿರಲಿಲ್ಲ.
ಕುಡಿದಿದ್ದ ಎಂದು ಬರೆದವನು ನಾನು.
ಮನೆಯವರನ್ನು ಕೇಳದೆ ಬರೆದೆ."
ಯಾವ ಪತ್ರಿಕೆಯಲ್ಲೂ ಬರುವುದಿಲ್ಲ ಇದು.
ಅಳೆದರೆ ಎರಡೂವರೆ ಇರಬಹುದು.

ಪಕ್ಕದ ಹೆಂಗಸು ಕತ್ತಿ ನಿಲ್ಲಿಸಿದಳು.
ಶೇವಂತಿ ನಿಲ್ಲಿಸಲಿಲ್ಲ.
"ಇನ್ನೊಂದ್ಸಲ ಓದು," ಅಂದಳು,
"ಬರೆದವ ಯಾರು ಅನ್ನೂ ಸಾಲು."
ಓದಿದೆ.
ಒದ್ದೆ ಕೈ ಸೆರಗಿಗೆ ಒರೆಸಿ, ಕಾಗದ ಇಸಿದುಕೊಂಡು
ಮಡಚಿ, ದುಡ್ಡಿನ ಚೀಲದೊಳಗೆ ತುರುಕಿದಳು.
"ಹ್ಞಾಂ. ಈಚೆ ನಿಲ್ಲು, ಗಿರಾಕಿ ಬಂತು."