ಐವತ್ತು ಅಡಿ

ನಾಲ್ಕು ಲಾಂದ್ರ ಅಂತ ತಂಡದ ಹೆಸರು, ಹಾಡುವವರು ಐವರು.
ಡ್ರಮ್ಮಿನ ಮೇಲೆ ಹೆಸರು ಬರೆಸಿ ಆಗಿತ್ತು,
ಆಮೇಲೆ ಬಂದ ಎಜೆಲ್.
ಬಣ್ಣಕ್ಕೆ ಮತ್ತೆ ಹನ್ನೆರಡು ಡಾಲರ್ ಯಾರು ಕೊಡುತ್ತಾರೆ?
ಎಣಿಕೆಗೆ ಸಿಗದ ದನಿ ಅವನದು,
ಕಿವಿಗಿಂತ ಮೊದಲು
ಕುರ್ಚಿಯ ಕಾಲಿಗೆ ಕೇಳಿಸುವಂಥದ್ದು.

ಟೊಲೀಡೋದ ಗಾಜಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ
ಬಸ್ಸು ಹಿಡಿದು ಬರುತ್ತಿದ್ದ ಕ್ಲೀವ್‌ಲ್ಯಾಂಡಿಗೆ,
ಶೂ ಅಂಗಡಿಯ ಮೇಲಿನ ನಮ್ಮ ಸ್ಟುಡಿಯೋಗೆ.
ಕುಲುಮೆಯ ಝಳಕ್ಕೆ ಹುಬ್ಬು ಸುಟ್ಟಿರುತ್ತಿತ್ತು.
ಒಂದು ಲೋಟ ಬಿಸಿನೀರು, ಅದಕ್ಕೆ ಚಿಟಿಕೆ ಉಪ್ಪು,
ಆಮೇಲೆ ಮೈಕಿನ ಮುಂದೆ ಟೋಪಿ ತೆಗೆಯುವನು,
ಪಾದ್ರಿಯ ಮುಂದೆ ತೆಗೆದಂತೆ.

ಎಪ್ಪತ್ತೆಂಟರ ಫೆಬ್ರವರಿ. ಆ ವರ್ಷ
ಎಲ್ಲ ಹಾಡಿಗೂ ಒಂದೇ ನಾಡಿ,
ನಿಮಿಷಕ್ಕೆ ನೂರಿಪ್ಪತ್ತು,
ಓಡಿಬಂದವನ ಎದೆ.
ನ್ಯೂಯಾರ್ಕಿನಿಂದ ಬಂದ ನಿರ್ಮಾಪಕ ಪಿಂಕ್ನಿ,
ಬೆಕ್ಕಿನ ಬಣ್ಣದ ಕೋಟು, ಕೈಯಲ್ಲಿ ಸ್ಟಾಪ್‌ವಾಚು.
ಪಿಟೀಲಿನವರು ಹನ್ನೊಂದು ಜನ, ಗಂಟೆಯ ಲೆಕ್ಕಕ್ಕೆ;
ನುಡಿಸುತ್ತ ನುಡಿಸುತ್ತ ಒಬ್ಬಳು ಗಡಿಯಾರ ನೋಡಿದ್ದು
ಮೂರನೇ ಹಾಡಿನಲ್ಲಿ ಈಗಲೂ ಇದೆ, ಎಲ್ಲಿ ಅಂತ ನನಗೆ ಗೊತ್ತು.
ಚಪ್ಪಾಳೆ ಹಿಡಿದದ್ದು ಮೆಟ್ಟಿಲ ಬಳಿ,
ಕೆಳಗಿನ ಅಂಗಡಿಯ ಹುಡುಗಿಯರನ್ನೂ ಊಟದ ಬಿಡುವಿನಲ್ಲಿ ಕರೆದು.
ಥಿಯೋಟಿಸ್ ಮೇಲಿನ ಸ್ವರಕ್ಕೆ ಏರುವಾಗ
ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬಕ್ಕೆ ಕೈಚಾಚುವ ಮಗು.

ಎರಡನೆಯ ಬದಿಯ ಮೊದಲ ಹಾಡು
ಶುರುವಾಗುತ್ತಿದ್ದದ್ದು ಎಜೆಲ್‌ನ ಮಾತಿನಿಂದ.
ನಲವತ್ತು ಸೆಕೆಂಡು, ಹಿಂದೆ ಬರೀ ಒಂದು ಆರ್ಗನ್:
"ಇವಳೇ, ದೀಪ ಆರಿಸಬೇಡ.
ಪಾಳಿ ಮುಗಿಯಿತು, ಬರುತ್ತಿದ್ದೇನೆ.
ಕೈ ಇನ್ನೂ ಬಿಸಿಯಿದೆ,
ಬಾಗಿಲ ಹಿಡಿ ಮುಟ್ಟಿದರೆ ನಿನಗೇ ತಿಳಿಯುತ್ತೆ
ಬಂದದ್ದು ನಾನು ಅಂತ."

ಬರೆದುಕೊಂಡು ಬಂದದ್ದಲ್ಲ. ಒಂದೇ ಸಲಕ್ಕೆ.
ಗಾಜಿನ ಈಚೆ ನನ್ನ ಸಿಗರೇಟು ಬೆರಳಿಗೆ ಬಂದಿತ್ತು.

ಪಿಂಕ್ನಿ ಗುಂಡಿ ಒತ್ತಿ ಮುಳ್ಳು ನೋಡಿದ.
"ಕುಣಿಯೋಕೆ ಬಂದವರು ನಲವತ್ತು ಸೆಕೆಂಡು
ಬಾಗಿಲಲ್ಲಿ ನಿಂತು ಕಾಯ್ತಾರಾ?
ಡ್ರಮ್ಮಿಂದ ಶುರುಮಾಡು."
ನನಗೆ ವಾರದ ಸಂಬಳ. ಹೆಂಡತಿಗೆ ಎಂಟು ತಿಂಗಳು.
ಟೇಪನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ
ಮೊದಲ ಪೆಟ್ಟು ಎಲ್ಲಿದೆಯೆಂದು ತಡಕಿದೆ.
ಹಳದಿ ಪೆನ್ಸಿಲಿನ ಗೀಟು,
ಓರೆಯಾಗಿ ಬ್ಲೇಡು.
ಸೆಕೆಂಡಿಗೆ ಹದಿನೈದು ಇಂಚಿನಂತೆ
ಐವತ್ತು ಅಡಿ ಮನುಷ್ಯ
ನನ್ನ ಕಾಲಬುಡದಲ್ಲಿ ಸುರುಳಿಯಾಗಿ ಬಿದ್ದ.

ಅವನಿಗೆ ಯಾರೂ ಹೇಳಲಿಲ್ಲ. ನಾನೂ.

ರೆಕಾರ್ಡು ಬಂದ ಸಂಜೆ ಥಿಯೋಟಿಸ್‌ನ ಅಕ್ಕನ ಮನೆ, ನೆಲಮಾಳಿಗೆ,
ಹುರಿದ ಮೀನಿನ ವಾಸನೆ. ಹೊದಿಕೆಯ ಚಿತ್ರದಲ್ಲಿ ಐವರೂ ಇದ್ದಾರೆ,
ಬಾಡಿಗೆಯ ಬಿಳಿ ಸೂಟು, ಬೆನ್ನಿಗೆಲ್ಲ ಪಿನ್ನು.
ಬದಿ ತಿರುವಿದರು.
ಎಜೆಲ್ ಹೆಂಡತಿ ಡಾರ್ಥುಲಾಳ ಭುಜ ಹಿಡಿದು
ಸ್ಪೀಕರಿನ ಹತ್ತಿರ ತಂದು ನಿಲ್ಲಿಸಿದ,
ಎಲ್ಲ ಸುಮ್ಮನಿರಿ ಎಂಬಂತೆ ಬೆರಳೆತ್ತಿದ.
ಮುಳ್ಳು ಇಳಿಯಿತು. ಚರಪರ.
ಡ್ರಮ್ಮು.

ಎತ್ತಿದ ಬೆರಳು ಅಲ್ಲೇ ಇತ್ತು ಸ್ವಲ್ಪ ಹೊತ್ತು.
ಆಮೇಲೆ ಅದೇ ಬೆರಳಲ್ಲಿ ತಾಳ ಹಾಕತೊಡಗಿದ.
ಕುಣಿದ ಕೂಡ, ಎಲ್ಲರಿಗಿಂತ ಚೆನ್ನಾಗಿ,
ಅವಳ ಕೈ ಬಿಡದೆ.
ನನ್ನ ಕಡೆ ಒಮ್ಮೆ ನೋಡಿದ.
ಬೈದಿದ್ದರೆ ಚೆನ್ನಾಗಿತ್ತು.

ಹಾಡು ಆರು ವಾರ ಓಡಿತು.
ಮುಂದಿನ ಬೇಸಿಗೆಗೆ ಡಿಸ್ಕೊ ಎಂದರೆ ಜನ ಮೂಗು ಮುರಿದರು,
ಅಂಗಡಿಯವರು ಪೆಟ್ಟಿಗೆಗಟ್ಟಲೆ ವಾಪಸು ಕಳಿಸಿದರು,
ಮೂಲೆ ಕತ್ತರಿಸಿ.

ಐವತ್ತು ಅಡಿ ನನ್ನ ಹತ್ತಿರವೇ ಇದೆ, ಬಿಸ್ಕತ್ತಿನ ಡಬ್ಬದಲ್ಲಿ.
ಐವತ್ತಲ್ಲ. ಒಂದು ವರ್ಷ ದಾರ ಸಿಗದೆ ನನ್ನವಳು
ಗೊತ್ತಿಲ್ಲದೆ ಎರಡಡಿ ಕತ್ತರಿಸಿ
ಟೊಮೇಟೊ ಗಿಡವನ್ನು ಕೋಲಿಗೆ ಕಟ್ಟಿದಳು.
ಲೆಕ್ಕ ಹಾಕಿದೆ: ಒಂದೂವರೆ ಸೆಕೆಂಡು, ಮೇಲೆ ಚೂರು.
"ಇವಳೇ" ಅನ್ನುವುದಕ್ಕೆ ಸಾಕು.
ಗಾಳಿ ಬಂದರೆ ಹಿತ್ತಲಲ್ಲಿ ಆ ಕಂದು ಪಟ್ಟಿ
ಪಟಪಟ ಎನ್ನುತ್ತದೆ, ಯಾವ ತಾಳಕ್ಕೂ ಅಲ್ಲ.
ಬಿಚ್ಚಿ ತರಬೇಕೆಂದು ಹೋದವನು
ಹಣ್ಣು ಕಿತ್ತುಕೊಂಡು ಬಂದೆ.